ಐವತ್ತು ಪೈಸೆ ಕಾರ್ಡಿಗೆ ಸಿಕ್ಕ ಸಂದರ್ಶನಗಳು

"ಈ ಕಾಲದಲ್ಲಿ ಪೋಸ್ಟ್ ಕಾರ್ಡಾ? ತಲೆ ಕೆಟ್ಟಿದೆ ನಿಂಗೆ" ಎಂದು ನಕ್ಕಿದ್ದ ಗೆಳೆಯನೇ ಹೋದ ತಿಂಗಳು ಫೋನ್ ಮಾಡಿದ. "ಆ ಕಾರ್ಡಲ್ಲಿ ಏನು ಬರೀತೀಯ, ಸ್ವಲ್ಪ ಹೇಳೋ" ಎಂದ. ತಜ್ಞರನ್ನು ಸಂದರ್ಶನಕ್ಕೆ ಒಪ್ಪಿಸಲು ನಾನು ಹಾಕುವ ಕಾರ್ಡಿನ ಕಥೆಯನ್ನು ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಹೇಳುವುದಿಲ್ಲ, ಅದು ಮೊದಲೇ ತಿಳಿದಿರಲಿ.

ಬೆಂಗಳೂರಿನ ಕೆರೆಗಳ ಬಗ್ಗೆ ಕನ್ನಡದಲ್ಲಿ ಒಂದು ಆಡಿಯೊ ಸರಣಿ ಮಾಡಲು ಹೊರಟಿದ್ದೆ. ಧರ್ಮಾಂಬುಧಿ ಕೆರೆ ಹೋಗಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆ ಹೋಗಿ ಕಂಠೀರವ ಕ್ರೀಡಾಂಗಣ ಬಂತು ಎಂಬ ಕಥೆ ಎಲ್ಲರಿಗೂ ಗೊತ್ತು. ನನಗೆ ಬೇಕಿದ್ದವರು ತೂಬು (ಕೆರೆಯಿಂದ ನೀರು ಬಿಡುವ ಕಿಂಡಿ), ಕೋಡಿ (ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ಜಾಗ), ರಾಜಕಾಲುವೆಯ (ಮಳೆನೀರಿನ ದೊಡ್ಡ ಕಾಲುವೆ) ಲೆಕ್ಕ ಬಲ್ಲವರು. ನೀರಾವರಿ ಎಂಜಿನಿಯರ್‌ಗಳು, ಭೂವಿಜ್ಞಾನಿಗಳು, ಹಳೆ ನಕ್ಷೆ ಓದಬಲ್ಲವರು.

ಮೊದಲ ಮೂರು ತಿಂಗಳು ಬರೀ ಇಮೇಲ್. ನಲವತ್ತು ಕಳಿಸಿರಬೇಕು. ಬಂದ ಉತ್ತರ ಮೂರು, ಅದರಲ್ಲೊಂದು "ರಜೆಯಲ್ಲಿದ್ದೇನೆ" ಎಂದು ಕಂಪ್ಯೂಟರ್ ತಾನೇ ಕಳಿಸಿದ್ದು. ಈಗ ತೆಗೆದು ನೋಡಿದರೆ ನಾಚಿಕೆಯಾಗುತ್ತದೆ. ಎರಡು ಪುಟ ನನ್ನ ಯೋಜನೆಯ ವರ್ಣನೆ, ಕೆಳಗೆ ಹದಿನೆಂಟು ಪ್ರಶ್ನೆ. ಜೀವನವಿಡೀ ಪ್ರಶ್ನೆಪತ್ರಿಕೆ ಕೊಟ್ಟವರಿಗೆ ನಾನು ಪ್ರಶ್ನೆಪತ್ರಿಕೆ ಕೊಟ್ಟಿದ್ದೆ.

ಆಮೇಲೆ ಒಂದು ಸರ್ಕಾರಿ ಕಚೇರಿ. "ಮೇಲಿನವರ ಅನುಮತಿ ತನ್ನಿ" ಎಂದರು. ಐದು ಸಲ ಹೋದೆ. ಆಟೊಗೇ 1,800 ರೂಪಾಯಿ ಹತ್ತಿರ ಹೋಯಿತು. ಬುದ್ಧಿ ಬಂದದ್ದು ಆಗ. ಕೆಲಸದಲ್ಲಿರುವವರಿಗೆ ಮೈಕ್ ಮುಂದೆ ಮಾತಾಡಲು ನೂರೆಂಟು ಅಡ್ಡಿ. ನಿವೃತ್ತರಿಗೆ ಅಷ್ಟು ಬಿಗಿ ಇಲ್ಲ, ಪುರುಸೊತ್ತೂ ಇರುತ್ತದೆ.

ಹಾಗೆ ಒಬ್ಬ ನಿವೃತ್ತ ಎಂಜಿನಿಯರ್ ವಿಳಾಸ ಸಿಕ್ಕಿತು. ಇಮೇಲ್ ಇಲ್ಲ, ವಾಟ್ಸಾಪ್ ಇಲ್ಲ. ಸುಮ್ನೆ ಒಂದು ಕಾರ್ಡು ಹಾಕಿದೆ. "ಸರ್, 1892ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಏರಿಗೆ ಮಣ್ಣು ಎಲ್ಲಿಂದ ತಂದಿರಬಹುದು?" ಅಷ್ಟೇ. ಕೆಳಗೆ ಫೋನ್ ನಂಬರ್. ಸಂದರ್ಶನ ಎಂಬ ಪದವನ್ನೇ ಬರೆದಿರಲಿಲ್ಲ.

ನಾಲ್ಕನೇ ದಿನ ಲ್ಯಾಂಡ್‌ಲೈನಿನಿಂದ ಫೋನ್. "ಏನ್ರೀ, ಸ್ಯಾಂಕಿ ಕೆರೆ 1882ರದ್ದು. ಹತ್ತು ವರ್ಷ ನುಂಗಿಬಿಟ್ರಲ್ಲ! ಮನೆಗೆ ಬನ್ನಿ."

ಇಪ್ಪತ್ತು ನಿಮಿಷ ಎಂದು ಹೋದವನು ಎರಡು ಗಂಟೆ ಕೂತೆ. ಅವರು ಕರೆಂಟ್ ಬಿಲ್ಲಿನ ಹಿಂದೆ ಪೆನ್ಸಿಲ್‌ನಲ್ಲಿ ಕೆರೆಯ ಏರಿಯನ್ನು, ಅಂದರೆ ಮಣ್ಣಿನ ಕಟ್ಟೆಯನ್ನು, ಬರೆದರು, ಪಕ್ಕದಲ್ಲಿ ಸ್ವಲ್ಪ ತಗ್ಗಿಗೆ ಕೋಡಿ. "ಕೋಡಿ ತಗ್ಗಿರಬೇಕು. ನೀರು ಮಣ್ಣಿನ ಏರಿ ಮೇಲೆ ಹತ್ತಿದ ದಿನ ಕೆರೆ ಹೋಯ್ತು ಅಂತ್ಲೇ ಲೆಕ್ಕ" ಎಂದು ಪೆನ್ಸಿಲ್ ತುದಿಯಿಂದ ಏರಿಯನ್ನು ಕೊರೆದು ತೋರಿಸಿದರು. ಬಿಲ್ಲು ತೂತಾಯಿತು. ಪಕ್ಕದಲ್ಲೇ ಗಂಧದ ಕೋಠಿ (ಶ್ರೀಗಂಧದ ಮರದ ಡಿಪೋ) ಇದ್ದಿದ್ದರಿಂದ ಸ್ಯಾಂಕಿ ಕೆರೆಗೆ ಗಂಧದಕೋಠಿ ಕೆರೆ ಎಂಬ ಹೆಸರೂ ಇತ್ತು ಎಂದರು. ಅಷ್ಟರಲ್ಲಿ ನನ್ನ ರೆಕಾರ್ಡರ್ ಬ್ಯಾಟರಿ ಸತ್ತಿತ್ತು. ಮಿಕ್ಕಿದ್ದು ಮೊಬೈಲಿನಲ್ಲಿ, ಫ್ಯಾನಿನ ಗರಗರದ ಜೊತೆ. ಏಪ್ರಿಲ್ ಬಿಸಿಲಲ್ಲಿ ಎಪ್ಪತ್ತೆಂಟು ದಾಟಿದವರಿಗೆ ಫ್ಯಾನ್ ಆರಿಸಿ ಅನ್ನೋಕಾಗುತ್ತಾ? ಆ ಸದ್ದು ತೆಗೆಸಲು 3,500 ಕೊಟ್ಟೆ.

ಜಿಪಿಒದಿಂದ (ಪ್ರಧಾನ ಅಂಚೆ ಕಚೇರಿ) ಐವತ್ತು ಕಾರ್ಡು ತಂದಿಟ್ಟುಕೊಂಡೆ. ಒಂದು ಕಾರ್ಡಿಗೆ ಒಂದೇ ಪ್ರಶ್ನೆ, ಅವರೊಬ್ಬರೇ ಉತ್ತರ ಹೇಳಬಲ್ಲಂಥದ್ದು. ಇದುವರೆಗೆ ಮೂವತ್ತೊಂದು ಜನಕ್ಕೆ ಹಾಕಿದ್ದೇನೆ. ಹದಿನಾಲ್ಕು ಜನ ಫೋನ್ ಮಾಡಿದರು, ಹನ್ನೊಂದು ಜನ ಮೈಕ್ ಮುಂದೆ ಕೂತರು. ಇಷ್ಟಕ್ಕೆ ಅಂಚೆ ಖರ್ಚು ಹದಿನೈದು ಇಪ್ಪತ್ತು ರೂಪಾಯಿ. ವಿಳಾಸ ಹೇಗೆ ಹುಡುಕುತ್ತೇನೆ ಎಂದು ಮಾತ್ರ ಕೇಳಬೇಡಿ.

ತಪ್ಪು ಇಸವಿಯಿಂದ ಕೆಲಸ ಆಯಿತಲ್ಲ ಎಂದು ಬೇಕಂತಲೇ ತಪ್ಪು ಬರೆದೂ ನೋಡಿದೆ. 1894ರ ಹೆಸರಘಟ್ಟ ಕೆರೆ, 1933ರ ತಿಪ್ಪಗೊಂಡನಹಳ್ಳಿ ಜಲಾಶಯ ಎರಡರ ಇಸವಿಯನ್ನೂ ಅದಲುಬದಲು ಮಾಡಿ ಒಬ್ಬ ಪ್ರೊಫೆಸರಿಗೆ ಕಾರ್ಡು ಹಾಕಿದೆ. "ಇಷ್ಟೂ ಓದ್ಕೊಳ್ಳದೆ ಕೆರೆ ಬಗ್ಗೆ ಹೊರಟಿದ್ದೀರಾ?" ಎಂದು ಫೋನ್ ಇಟ್ಟರು. ಅಲ್ಲಿಗೆ ಆ ಆಟ ಮುಗಿಯಿತು.

ಕೈಬೀಸಿಕೊಂಡು ಹೋಗಬಾರದು ಎಂದು ಒಂದು ಮನೆಗೆ ಅರ್ಧ ಕೆಜಿ ಮೈಸೂರು ಪಾಕ್ ಒಯ್ದಿದ್ದೆ. ಅವರಿಗೆ ಸಕ್ಕರೆ ಕಾಯಿಲೆ. ಅವರ ಮನೆಯವರು ನನ್ನನ್ನೊಮ್ಮೆ ಡಬ್ಬಿಯನ್ನೊಮ್ಮೆ ನೋಡಿ ಒಳಗೆ ಹೋದರು. ಈಗ ಹಳೆ ನಕ್ಷೆಯ ದೊಡ್ಡ ಜೆರಾಕ್ಸ್ ಒಯ್ಯುತ್ತೇನೆ, ಅರವತ್ತೋ ಎಪ್ಪತ್ತೋ ರೂಪಾಯಿ. ಮೇಜಿನ ಮೇಲೆ ಹರಡಿದರೆ ಸಾಕು, ಬೆರಳು ತಾನಾಗಿ ಕಾಲುವೆ ಹಿಡಿದು ಹೋಗುತ್ತದೆ, ಮಾತು ಹಿಂದೆಯೇ ಬರುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿ ಒಬ್ಬರನ್ನು ಕಳೆದುಕೊಂಡೆ. "ವಕೀಲರನ್ನ ಕೇಳಿ ಹೇಳ್ತೀನಿ" ಎಂದವರು ಮತ್ತೆ ಸಿಗಲಿಲ್ಲ. ಈಗ ಒಪ್ಪಿಗೆಯ ಎರಡು ಸಾಲನ್ನು ಮೈಕಿನಲ್ಲೇ ಹೇಳಿ, ಅವರ ಬಾಯಲ್ಲಿ 'ಆಗಲಿ' ಅನ್ನಿಸಿಕೊಳ್ಳುತ್ತೇನೆ. ಹೊರಗೆ ಬಿಡುವ ಮೊದಲು ಕೇಳಿಸುತ್ತೇನೆ ಎಂದು ಮಾತೂ ಕೊಡುತ್ತೇನೆ. ಹಾಗೆ ಕೇಳಿಸಿದಾಗ ಒಬ್ಬರು "ಎಲ್ಲಾ ತೆಗೆದುಬಿಡಿ" ಎಂದರು. ತೆಗೆದೆ. ಎಡಿಟಿಂಗಿಗೆ ಹಾಕಿದ 4,000 ನೀರಲ್ಲಿ ಹೋಮ. ಆದರೆ ಆಮೇಲೆ ಇನ್ನಿಬ್ಬರ ಪರಿಚಯ ಮಾಡಿಸಿದ್ದೂ ಅವರೇ.

ಇದೊಂದು ಗುಟ್ಟು ಹೇಳಿಬಿಡುತ್ತೇನೆ. ಏಳುವ ಮೊದಲು, "ಸರ್, ನೀವು ಹೇಳಿದ್ದನ್ನ ಯಾರು ಒಪ್ಪಲ್ಲ?" ಎಂದು ಕೇಳಿ. ನಗುತ್ತಾ ಒಂದು ಹೆಸರು ಹೇಳುತ್ತಾರೆ. ಮುಂದಿನ ಕಾರ್ಡು ಅವರಿಗೆ. ಹೀಗೆ ಸಿಕ್ಕ ಹೆಸರುಗಳಲ್ಲಿ ತಪ್ಪಿಸಿಕೊಂಡವರು ಒಬ್ಬರೇ ಭೂವಿಜ್ಞಾನಿ. ಮೂರು ಕಾರ್ಡು ಹೋಗಿದೆ, ಉತ್ತರವಿಲ್ಲ. ನಾಲ್ಕನೆಯದು ಸೋಮವಾರ ಹಾಕುತ್ತೇನೆ.