ಬಾಡಿಗೆ ಕಾರು ತಗೊಳ್ಳುವ ಮುಂಚೆ ನಂಬರ್ ಪ್ಲೇಟಿನ ಬಣ್ಣ ನೋಡಿ

ಎರಡು ವರ್ಷದ ಹಿಂದೆ ಯರಗಟ್ಟಿ ಹತ್ತಿರ ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಕಾರು ತಾಗಿಸಿದೆ. ರಾತ್ರಿ ಎಂಟು ಗಂಟೆ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು ರಸ್ತೆಯಲ್ಲೇ ಕೆಟ್ಟು ನಿಂತಿತ್ತು. ಹಿಂದೆ ಲೈಟ್ ಇರಲಿಲ್ಲ. ಬ್ರೇಕ್ ಹಾಕಿದೆ, ಆದರೂ ಸಾಲಲಿಲ್ಲ. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಬಂಪರ್, ಒಂದು ಹೆಡ್‌ಲೈಟ್, ಬಾನೆಟ್ ಹೋದವು.

ಅದು ಬಾಡಿಗೆ ಕಾರು. ಬೆಳಗಾವಿಯಲ್ಲಿ ಪರಿಚಯದವರ ಮೂಲಕ ಸಿಕ್ಕಿದ್ದು. ಬಾಡಿಗೆ ಕಮ್ಮಿ, ಕಾಗದಪತ್ರದ ತಲೆಬಿಸಿ ಇಲ್ಲ ಅಂತ ಒಪ್ಪಿಕೊಂಡಿದ್ದೆ. ಬಿಳಿ ಬೋರ್ಡಿನ ಗಾಡಿ, ಅಂದರೆ ಮನೆ ಬಳಕೆಗೆ ರಿಜಿಸ್ಟರ್ ಆದದ್ದು. ಇನ್ಶೂರೆನ್ಸ್ ಇದೆಯಾ ಅಂತ ಕೇಳಿದ್ದೆ. "ಫುಲ್ ಇನ್ಶೂರೆನ್ಸ್ ಐತ್ರಿ ಅಕ್ಕಾರ, ಏನೂ ಚಿಂತಿ ಮಾಡಬ್ಯಾಡ್ರಿ" ಅಂದಿದ್ದರು. ಇದ್ದದ್ದೂ ನಿಜ. ಆದರೆ ಮನೆ ಬಳಕೆಯ ಪಾಲಿಸಿಯಲ್ಲಿ ಗಾಡಿಯನ್ನು ಬಾಡಿಗೆಗೆ ಕೊಡಬಾರದು ಅಂತ ಷರತ್ತು ಇರುತ್ತದೆ. ಬಾಡಿಗೆಗೆ ಓಡುವಾಗ ಹೀಗಾಗಿದೆ ಅಂತ ಗೊತ್ತಾದರೆ ಕ್ಲೇಮ್ ತಿರಸ್ಕರಿಸಬಹುದು. ಮರುದಿನ ಮಾಲೀಕರೇ ಫೋನ್ ಮಾಡಿದರು. "ಇನ್ಶೂರೆನ್ಸ್ ಸರ್ವೇದವ್ರು ಕೇಳಿದ್ರ ನಮ್ಮ ಸಂಬಂಧಿಕರು ಅಂತ ಹೇಳ್ರಿ, ಮುಗೀತು" ಅಂದರು. ನನ್ನಿಂದ ಆಗಲಿಲ್ಲ. ಸುಳ್ಳು ಬರೆದುಕೊಟ್ಟು ಸಹಿ ಹಾಕುವುದಕ್ಕಿಂತ ದುಡ್ಡು ಕೊಡುವುದೇ ಮೇಲು ಅನಿಸಿತು. 38 ಸಾವಿರ ಕೈಯಿಂದ ಕೊಟ್ಟೆ. ದುಡ್ಡಿಗಿಂತ ಜಾಸ್ತಿ ಕಾಡಿದ್ದು ಬೇರೆ ಮಾತು. ಆ ಕತ್ತಲಲ್ಲಿ ಟ್ರೇಲರ್ ಪಕ್ಕ ಯಾರಾದರೂ ನಿಂತಿದ್ದರೆ?

ಈ ವರ್ಷ ಅವ್ವನಿಗೆ ಬನಶಂಕರಿಗೆ ಹೋಗುವ ಆಸೆ ಆಯಿತು. ಬನದ ಹುಣ್ಣಿಮೆಯ ಗದ್ದಲ ಅವಳ ಮೊಣಕಾಲಿಗೆ ಆಗುವುದಿಲ್ಲ. ಜಾತ್ರೆ ಇಳಿಯಲಿ ಅಂತ ಕಾದು ಫೆಬ್ರವರಿಯಲ್ಲಿ ಹೊರಟೆವು. ಅವ್ವ, ಅಪ್ಪ, ತಮ್ಮ, ನಾನು. ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ. ಮೂರು ದಿನ. ಈ ಸಲ ಎಲ್ಲ ಸರಿಯಾಗಿ ಮಾಡಬೇಕು ಅಂತ ಮೊದಲೇ ಕೂತು ವಿಚಾರ ಮಾಡಿದೆ.

ಡ್ರೈವರ್ ಇರುವ ಟ್ಯಾಕ್ಸಿ ಬೇಕೋ, ನಾವೇ ಓಡಿಸುವುದೋ? ಇದಕ್ಕೆ ಕಿಲೋಮೀಟರ್ ಲೆಕ್ಕ ಹಾಕಬೇಕು. ಊರು ಬಿಟ್ಟು ಹೋಗುವ ಟ್ಯಾಕ್ಸಿಗೆ ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಮಿನಿಮಮ್ ಇರುತ್ತದೆ. ನನಗೆ ಹೇಳಿದ್ದು 300. ಅಂದರೆ ಮೂರು ದಿನಕ್ಕೆ 900 ಕಿಲೋಮೀಟರಿನ ದುಡ್ಡು. ನಮ್ಮ ಓಡಾಟ ಎಲ್ಲ ಸೇರಿ 450ರ ಆಸುಪಾಸು. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22, ಅಲ್ಲಿಂದ ಐಹೊಳೆ ಸುಮಾರು 14. ಗಾಡಿ ನಿಂತಿರುವ ಹೊತ್ತೇ ಜಾಸ್ತಿ. ಅದರ ಮೇಲೆ ಡ್ರೈವರ್ ಬತ್ತಾ, ಟೋಲ್, ಪಾರ್ಕಿಂಗ್ ಬೇರೆ. ಇಂಥ ಪ್ರವಾಸಕ್ಕೆ ಸ್ವಂತ ಓಡಿಸುವುದೇ ವಾಸಿ. ಬೆಳಗಾವಿಯಿಂದ ವಿಜಯಪುರಕ್ಕೆ ಒಂದೇ ದಿನ ಹೋಗಿ ಬರುವುದಿದ್ದರೆ ಮಾತು ಬೇರೆ. ಅಲ್ಲಿ 300 ದಾಟೇ ದಾಟುತ್ತದೆ, ದಣಿವೂ ಇರುತ್ತದೆ. ನಾನಾದರೆ ಟ್ಯಾಕ್ಸಿಯನ್ನೇ ಕರೆಯುತ್ತೇನೆ. ಆಗ ಒಂದು ಮಾತು ಕೇಳಿಕೊಳ್ಳಿ. ಕಿಲೋಮೀಟರ್ ಲೆಕ್ಕ ನಿಮ್ಮ ಮನೆ ಬಾಗಿಲಿನಿಂದ ಶುರುವೋ, ಅವರ ಶೆಡ್ಡಿನಿಂದಲೋ?

ಸ್ವಂತ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಡ್ರೈವರ್ ಜೊತೆಗೇ ಬರುವ ಟ್ಯಾಕ್ಸಿ. ನಾನು ಐದು ಕಡೆ ಫೋನ್ ಮಾಡಿದೆ. ಮೂರು ಕಡೆ ಬಿಳಿ ಬೋರ್ಡಿನವೇ ಇದ್ದವು. ಯಾಕೆ ಹೀಗೆ ಅಂತ ಹುಡುಕಿದಾಗ ಒಂದು ಕಾರಣ ಸಿಕ್ಕಿತು. ಕಪ್ಪು ಬೋರ್ಡಿನ ವ್ಯವಹಾರ ಬಂದದ್ದು 1989ರ ರೆಂಟ್ ಎ ಕ್ಯಾಬ್ ಯೋಜನೆಯಿಂದ. ಅದರಲ್ಲಿ ಕಾರು ಬಾಡಿಗೆಗೆ ಕೊಡುವ ಲೈಸೆನ್ಸ್ ಕೇಳುವವರ ಹತ್ತಿರ ಕನಿಷ್ಠ 50 ಗಾಡಿ ಇರಬೇಕು ಅಂತ ಷರತ್ತಿದೆ. ನಾಲ್ಕು ಗಾಡಿ ಇಟ್ಟುಕೊಂಡವರು ಎಲ್ಲಿಂದ ತರಬೇಕು? ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಗಾಡಿ ಗುದ್ದಿದಾಗ ಅನುಭವಿಸುವವರು ನಾವಲ್ವಾ? ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಕಪ್ಪು ಬೋರ್ಡಿನದೇ ತಗೊಂಡೆ.

ಬುಕ್ ಮಾಡುವ ಮುಂಚೆ ಗಾಡಿ ನಂಬರ್ ಕೇಳಿ ಸರ್ಕಾರದ ಎಂ ಪರಿವಾಹನ್ ಆ್ಯಪ್‌ನಲ್ಲಿ ಹಾಕಿದೆ. ಇನ್ಶೂರೆನ್ಸ್, ಫಿಟ್‌ನೆಸ್, ಹೊಗೆ ಸರ್ಟಿಫಿಕೇಟು ಯಾವ ದಿನದವರೆಗೆ ಇದೆ ಅಂತ ಅಲ್ಲೇ ಕಾಣುತ್ತದೆ. ಎರಡು ನಿಮಿಷದ ಕೆಲಸ. ಆಮೇಲೆ ಕರಾರು ಪತ್ರವನ್ನು ಮನೆಗೆ ತಂದು ಪೂರ್ತಿ ಓದಿದೆ. ಅಪಘಾತ ಆದರೆ ನನ್ನ ಪಾಲು ಎಷ್ಟರವರೆಗೆ? ಗಾಡಿ ರಿಪೇರಿಯಲ್ಲಿ ನಿಂತ ದಿನಗಳ ಬಾಡಿಗೆಯನ್ನೂ ನಾನೇ ಕೊಡಬೇಕಾ? ಟೈರು, ಗಾಜು, ಗಾಡಿಯ ತಳ ಇನ್ಶೂರೆನ್ಸಿನಲ್ಲಿ ಬರುತ್ತವಾ? ಈ ಮೂರಕ್ಕೆ ಬಾಯಿಮಾತು ನಂಬಬೇಡಿ. ನಾನು ವಾಟ್ಸ್ಯಾಪ್‌ನಲ್ಲಿ ಬರೆಸಿಕೊಂಡೆ. ತಮ್ಮನೂ ಓಡಿಸುವವನಿದ್ದ, ಅದಕ್ಕೆ ಅವನ ಲೈಸೆನ್ಸನ್ನೂ ಕರಾರಿನಲ್ಲಿ ಸೇರಿಸಿದೆ. ಹೆಸರು ಇಲ್ಲದವರು ಸ್ಟಿಯರಿಂಗ್ ಹಿಡಿದಾಗ ಏನಾದರೂ ಆದರೆ ಮತ್ತೆ ಅದೇ ಗೋಳು.

ಗಾಡಿ ತಗೊಳ್ಳಲು ಬೆಳಗ್ಗೆ ಹೋಗಿ. ಬೆಳಕಿನಲ್ಲಿ ಗೀರು ಕಾಣುತ್ತವೆ. ಸುತ್ತ ಒಂದು ಸಲ ನಿಧಾನಕ್ಕೆ ವಿಡಿಯೋ ಮಾಡಿದೆ. ಚಕ್ರ, ಬಂಪರಿನ ಕೆಳಭಾಗ, ಒಳಗಿನ ಸೀಟು, ಕಿಲೋಮೀಟರ್ ಮೀಟರು, ಇಂಧನದ ಮುಳ್ಳು, ಎಲ್ಲ ಒಂದೇ ವಿಡಿಯೋದಲ್ಲಿ. ಗಾಡಿ ಕೊಟ್ಟ ಹುಡುಗ ಪಕ್ಕದಲ್ಲೇ ನಿಂತಿದ್ದ, ಅಲ್ಲೇ ಅವನಿಗೂ ಕಳಿಸಿದೆ. ಡಿಕ್ಕಿ ತೆಗೆಸಿ ಸ್ಟೆಪ್ನಿ ನೋಡಿದರೆ ಗಾಳಿ ಇಲ್ಲ! ಅಲ್ಲೇ ಹಾಕಿಸಿಕೊಂಡು ಹೊರಟೆ. ಜಾಕ್, ಪಾನಾ ಕೂಡ ನೋಡಿಕೊಳ್ಳಿ.

ನಮ್ಮ ಕಡೆಯ ರಸ್ತೆಗೆ ಬೇರೆಯದೇ ಎಚ್ಚರ ಬೇಕು. ಕಬ್ಬು ನುರಿಸುವ ದಿನಗಳಲ್ಲಿ ಸಂಜೆ ಆರೂವರೆ ಆದ ಮೇಲೆ ನಾನು ಈಗ ಹೈವೇ ಹಿಡಿಯುವುದಿಲ್ಲ. ಇನ್ನೊಂದು, ಸುಗ್ಗಿಯಲ್ಲಿ ರೈತರು ಕಡಲೆ, ಜೋಳ ರಾಶಿ ಮಾಡಲು ರಸ್ತೆ ಮೇಲೆ ಹರವಿರುತ್ತಾರೆ. ಅದರ ಮೇಲೆ ಹೋದರೆ ಒಣ ಹೊಟ್ಟು, ಕಡ್ಡಿ ಗಾಡಿಯ ತಳದಲ್ಲಿ ಸುತ್ತಿಕೊಳ್ಳುತ್ತವೆ. ಸೈಲೆನ್ಸರ್ ಬಿಸಿಗೆ ಬೆಂಕಿಯೂ ಹತ್ತಬಹುದು. ಐಹೊಳೆ ದಾರಿಯಲ್ಲಿ ಇಂಥ ಒಂದು ಕಡೆ ಬಂತು. ನಾನು ಇಳಿದೆ. ಅಲ್ಲಿದ್ದ ಅಜ್ಜ "ಸ್ವಲ್ಪ ತಡೀ ತಂಗಿ" ಅಂತ ಒಂದು ಬದಿ ಸರಿಸಿಕೊಟ್ಟ. ಮುಂದೆ ಹೋಗಿ ತಮ್ಮ ಬಗ್ಗಿ ತಳ ನೋಡಿದ, ಒಂದು ಹಿಡಿಯಷ್ಟು ಕಡ್ಡಿ ತೆಗೆದ.

ಅಮೀನಗಡದಲ್ಲಿ ಕರದಂಟು ತಗೊಂಡು ಕೂಡಲಸಂಗಮಕ್ಕೆ ಹೋದೆವು. ಹೊಳೆ ನೋಡುತ್ತ ಅವ್ವ ಅರ್ಧ ತಾಸು ಕೂತಳು. ಯಾರೂ ಅವಸರ ಮಾಡಲಿಲ್ಲ, ಯಾವ ಡ್ರೈವರನ್ನೂ ಕಾಯಿಸುವ ಸಂಕೋಚ ಇರಲಿಲ್ಲ. ಸ್ವಂತ ಓಡಿಸುವುದರ ಸುಖ ಇದೇ ನೋಡಿ.

ವಾಪಸ್ ಕೊಡುವಾಗಲೂ ಅದೇ ರೀತಿ ವಿಡಿಯೋ ಮಾಡಿದೆ. ಮುಳ್ಳು ಎಲ್ಲಿತ್ತೋ ಅಲ್ಲಿಯವರೆಗೆ ಡೀಸೆಲ್ ತುಂಬಿಸಿದ ರಸೀದಿ ಇಟ್ಟುಕೊಂಡೆ. ಫಾಸ್ಟ್ಯಾಗ್ ಅವರದಿತ್ತು, ಟೋಲಿನ ಲೆಕ್ಕ ಅಲ್ಲೇ ಮುಗಿಸಿದೆವು. ಡೆಪಾಸಿಟ್ ಮಾತ್ರ ಆ ದಿನ ಸಿಗಲಿಲ್ಲ. ಕ್ಯಾಮೆರಾದ ದಂಡದ ನೋಟಿಸು ತಡವಾಗಿ ಬರುತ್ತದೆ ಅಂತ ಹತ್ತು ದಿನ ಇಟ್ಟುಕೊಂಡರು. ಅದು ಕರಾರಿನಲ್ಲೇ ಇತ್ತು. ಹನ್ನೊಂದನೇ ದಿನ ಪೂರ್ತಿ ಬಂತು.

ಈಗ ಅಪ್ಪ ಕೊಲ್ಹಾಪುರದ ಮಹಾಲಕ್ಷ್ಮಿಗೆ ಹೋಗೋಣ ಅನ್ನುತ್ತಿದ್ದಾರೆ. ದೂರ ಜಾಸ್ತಿ ಇಲ್ಲ, ಆದರೆ ಮಹಾರಾಷ್ಟ್ರ. ಗಡಿ ದಾಟಲು ಗಾಡಿಯ ಪರ್ಮಿಟ್ ನಡೆಯುತ್ತದಾ, ಇಲ್ಲದಿದ್ದರೆ ಅಲ್ಲಿಯ ತೆರಿಗೆ ಯಾರು ಕಟ್ಟಬೇಕು, ಇಷ್ಟು ಕೇಳಿ ನಿನ್ನೆ ಮೆಸೇಜ್ ಹಾಕಿದ್ದೇನೆ. ಬರೆದ ಉತ್ತರ ಬಂದ ಮೇಲೆಯೇ ಅಡ್ವಾನ್ಸ್ ಕೊಡುತ್ತೇನೆ.