ಮನೆ ರಿಪೇರಿಗೆ ಕೈ ಹಾಕುವ ಮುಂಚೆ ಕರೆಂಟ್ ಬಿಲ್ ತೆಗೆದು ನೋಡಿ

ಸೆಕೆ, ಕರೆಂಟ್ ಖರ್ಚು ಎರಡೂ ತಗ್ಗಿಸುವ ರಿಪೇರಿಯಲ್ಲಿ ಮೊದಲ ಕೆಲಸಕ್ಕೆ ಒಂದು ಪೈಸೆಯೂ ಬೇಡ. ಕಳೆದ ಒಂದು ವರ್ಷದ ಕರೆಂಟ್ ಬಿಲ್ ಎಲ್ಲಾ ಹುಡುಕಿ ಇಟ್ಟುಕೊಂಡು ಯೂನಿಟ್ ಮಾತ್ರ ನೋಡಿ, ರೂಪಾಯಿ ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಏರಿದ್ದರೆ ಅದು ಸೆಕೆಯ ಖರ್ಚು: ತಾರಸಿ, ಫ್ಯಾನು, ಎಸಿ. ಡಿಸೆಂಬರ್, ಜನವರಿಯಲ್ಲಿ ಏರಿದ್ದರೆ ಗೀಸರ್. ವರ್ಷವಿಡೀ ಒಂದೇ ಸಮ ಜಾಸ್ತಿ ಇದ್ದರೆ ಹಳೆ ಫ್ರಿಜ್ಜು ಅಥವಾ ನೀರಿನ ಮೋಟರ್ ಮೇಲೆ ಅನುಮಾನ ಪಡಿ. ಇಷ್ಟು ಗೊತ್ತಿಲ್ಲದೆ ಮೇಸ್ತ್ರಿಯನ್ನು ಕರೆದರೆ ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕಾಗುತ್ತದೆ.

ಗೃಹಜ್ಯೋತಿ (ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ) ಇರುವ ಮನೆಯಾದರೆ ಲೆಕ್ಕ ಇನ್ನೂ ಮುಖ್ಯ. ನಿಮಗೆ ಸಿಗುವ ಉಚಿತ ಯೂನಿಟ್ ದಾಟಿದರೆ ದಾಟಿದ್ದಕ್ಕಷ್ಟೇ ದುಡ್ಡು, ಆದರೆ ತಿಂಗಳಿಗೆ 200 ದಾಟಿತು ಅಂದರೆ ಇಡೀ ಬಿಲ್ ನೀವೇ ಕಟ್ಟಬೇಕು. ಬೇಸಿಗೆಯಲ್ಲಿ 215, 220 ತೋರಿಸುವ ಮನೆಗೆ ಇಪ್ಪತ್ತು ಯೂನಿಟ್ ಉಳಿತಾಯ ಸಣ್ಣ ಮಾತಲ್ಲ.

ಆ ಇಪ್ಪತ್ತು ಒಂದೇ ಫ್ಯಾನಿನಲ್ಲಿ ಸಿಗುತ್ತದೆ. ಹಳೆ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ ಮೋಟರಿನ ಫ್ಯಾನ್ 30ರ ಆಸುಪಾಸು, ದಿನಕ್ಕೆ 15 ಗಂಟೆ ತಿರುಗುವ ಕಡೆ ತಿಂಗಳಿಗೆ 20 ಯೂನಿಟ್ ವ್ಯತ್ಯಾಸ. ಎಲ್ಲಾ ಫ್ಯಾನ್ ಬದಲಿಸುವ ಹುಮ್ಮಸ್ಸು ಬೇಡ. ಹಾಲ್ ಮತ್ತು ಮಲಗುವ ಕೋಣೆ ಸಾಕು, ನೆಂಟರು ಬಂದಾಗ ಮಾತ್ರ ತಿರುಗುವ ಫ್ಯಾನ್ ಹಾಗೇ ಇರಲಿ. ಅಂದ ಹಾಗೆ, ಬಿಎಲ್‌ಡಿಸಿ ಫ್ಯಾನ್‌ಗೆ ಸಾಮಾನ್ಯವಾಗಿ ಗೋಡೆಯ ಹಳೆ ರೆಗ್ಯುಲೇಟರ್ ಆಗಿಬರುವುದಿಲ್ಲ, ಎಲೆಕ್ಟ್ರಿಷಿಯನ್‌ಗೆ ಹೇಳಿ ಅದನ್ನು ತೆಗೆಸಿ.

ಈಗ ತಾರಸಿ. ನನ್ನ ಕೇಳಿದರೆ ಕಡಿಮೆ ದುಡ್ಡಿನ ರಿಪೇರಿಯಲ್ಲಿ ಇದಕ್ಕಿಂತ ಲಾಭದ್ದು ಇಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ ಹೇಳಬೇಕಾಗಿಲ್ಲ, ಮಧ್ಯಾಹ್ನ ಕಾದ ಆರ್‌ಸಿಸಿ ರಾತ್ರಿ ಹನ್ನೊಂದಾದರೂ ಶಾಖ ಕೆಳಗೆ ಬಿಡುತ್ತಲೇ ಇರುತ್ತದೆ, ಫ್ಯಾನ್ ಹಾಕಿದರೆ ಅದೇ ಬಿಸಿ ಗಾಳಿ ಮೈಗೆ. ಮೇಲ್ಗಡೆ ಬಿಳಿ ಮಾಡಿದರೆ ಬಿಸಿಲು ಒಳಗಿಳಿಯುವ ಮುಂಚೆಯೇ ವಾಪಸ್ ಹೋಗುತ್ತದೆ. ಪಕ್ಕದ ತೆಲಂಗಾಣ ಇದಕ್ಕಂತಲೇ 2023ರಲ್ಲಿ ಕೂಲ್ ರೂಫ್ ನೀತಿ ತಂದಿದೆ.

ತೀರಾ ಅಗ್ಗದ ದಾರಿ ಸುಣ್ಣ. ಫೆಬ್ರವರಿಯಲ್ಲಿ ಮಾಡಿ. ತಾರಸಿ ಗುಡಿಸಿ, ಪಾಚಿ ಕೆರೆದು, ತೊಳೆದು ಒಣಗಿಸಿ, ಬಿರುಕು ಇದ್ದರೆ ಮೊದಲು ಮುಚ್ಚಿಸಿ. ಸುಣ್ಣವನ್ನು ರಾತ್ರಿ ನೆನೆಸಿ, ಬೆಳಗ್ಗೆ ಸೋಸಿ, ಸ್ವಲ್ಪ ಫೆವಿಕಾಲ್ ಥರದ ಅಂಟು ಸೇರಿಸಿ ಎರಡು ಮೂರು ಕೋಟ್ ಹೊಡೆಯಿರಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ, ಸುಣ್ಣ ಸುಡುತ್ತದೆ. ಮಳೆಗೆ ತೊಳೆದು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಬೇಕು. ಆದರೆ ತಾರಸಿ ಸೋರುತ್ತಿದ್ದು ಹೇಗೂ ವಾಟರ್‌ಪ್ರೂಫಿಂಗ್ ಮಾಡಿಸಬೇಕು ಅಂತಿದ್ದರೆ ಸುಣ್ಣ ಬಿಡಿ, ಬಿಳಿ ಬಣ್ಣದ ವಾಟರ್‌ಪ್ರೂಫ್ ಕೋಟಿಂಗ್ ಕೇಳಿ. ಒಂದೇ ಕೂಲಿಯಲ್ಲಿ ಎರಡೂ ಕೆಲಸ ಮುಗಿಯುತ್ತದೆ, ಅಲ್ವಾ?

ಪಡುವಣ ಕಿಟಕಿಗೆ ಒಳಗಡೆ ದಪ್ಪ ಪರದೆ ಹಾಕುವುದಕ್ಕಿಂತ ಹೊರಗಡೆ ಬಿದಿರಿನ ತಟ್ಟಿ ಇಳಿಬಿಡುವುದು ಮೇಲು, ಬಿಸಿಲು ಗಾಜು ದಾಟಿದ ಮೇಲೆ ತಡೆದು ಏನು ಬಂತು? ಸೊಳ್ಳೆ ಕಾಟಕ್ಕೆ ರಾತ್ರಿ ಕಿಟಕಿ ಮುಚ್ಚುವ ಮನೆಯಲ್ಲಿ ಎಸಿಗಿಂತ ಮುಂಚೆ ಮೆಶ್ ಹಾಕಿಸಿ.

ಗೀಸರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2000 ವ್ಯಾಟಿನದು ಅರ್ಧ ಗಂಟೆ ಕಾದರೆ ಒಂದು ಯೂನಿಟ್, ಆದ್ದರಿಂದ ಥರ್ಮೋಸ್ಟಾಟ್ ತಗ್ಗಿಸಿ, ಸ್ನಾನ ಒಬ್ಬರ ಹಿಂದೆ ಒಬ್ಬರು ಮುಗಿಸಿ. ಬೋರ್‌ವೆಲ್ ನೀರಿನ ಮನೆಯಲ್ಲಿ ಕಾಯಿಲ್ ಮೇಲೆ ಕಟ್ಟಿದ ಬಿಳಿ ಪದರ ತೆಗೆಸದಿದ್ದರೆ ನೀರು ಕಾಯಲು ಹೊತ್ತು ಹಿಡಿಯುತ್ತದೆ, ಕಾಯಿಲೂ ಬೇಗ ಸುಟ್ಟುಹೋಗುತ್ತದೆ.

ಸೋಲಾರ್ ಪ್ಯಾನೆಲ್ ಕೊನೆಗೆ. ಮೊದಲು ಬಳಕೆ ಇಳಿಸಿದರೆ ಚಿಕ್ಕ ಸೈಜಿನದೇ ಸಾಕಾಗಬಹುದು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ಆ ದುಡ್ಡು ಪ್ಯಾನೆಲ್ ಕೂರಿಸಿ ಚಾಲೂ ಆದ ಮೇಲೆ ಖಾತೆಗೆ ಬರುವುದು, ಅಲ್ಲಿವರೆಗಿನ ಖರ್ಚು ಸಾಲವೋ ಉಳಿತಾಯವೋ ನೀವೇ ಹೊಂದಿಸಿಕೊಳ್ಳಬೇಕು.