ಸ್ನಾಯುವಿನ ಅಡಿಯಲ್ಲೋ ಮೇಲೋ: ಹಗ್ಗ ಎಳೆಯುವವರಿಗೆ ಇಂಪ್ಲಾಂಟ್ ಇಟ್ಟ ನನ್ನ ಅನುಭವ

ಕಾಸರಗೋಡಿನ ನನ್ನ ಕ್ಲಿನಿಕ್ಕಿಗೆ ಸ್ತನದ ಇಂಪ್ಲಾಂಟ್, ಅಂದರೆ ಗಾತ್ರ ಹೆಚ್ಚಿಸಲು ಒಳಗಿಡುವ ಕೃತಕ ಚೀಲ, ಕೇಳಿ ಬರುವವರೇ ಕಡಿಮೆ. ಬಂದವರೂ ಶಸ್ತ್ರಚಿಕಿತ್ಸೆ ಮಂಗಳೂರಿನಲ್ಲಾಗಲಿ, ಊರಿನಲ್ಲಿ ಸುದ್ದಿಯಾಗುವುದು ಬೇಡ ಎನ್ನುತ್ತಾರೆ. ಹಾಗೆ ಬಂದವರಲ್ಲಿ ಬದಿಯಡ್ಕದ ಕಡೆಯ ಹಗ್ಗಜಗ್ಗಾಟದ ಆಟಗಾರ್ತಿಯೊಬ್ಬರಿದ್ದರು.

ಮೈಯಲ್ಲಿ ಕೊಬ್ಬು ಕಡಿಮೆಯಿದ್ದವರಿಗೆ ಇಂಪ್ಲಾಂಟನ್ನು ಎದೆಯ ಪೆಕ್ಟೊರಾಲಿಸ್ ಸ್ನಾಯುವಿನ ಅಡಿಯಲ್ಲಿಟ್ಟರೆ ಅದರ ಅಂಚು ಹೊರಗೆ ಕಾಣುವುದಿಲ್ಲ ಎಂಬುದು ನಾವೆಲ್ಲ ಕಲಿತ ಪಾಠ. ಸ್ತನದ ಮೇಲ್ಭಾಗವನ್ನು ಬೆರಳುಗಳ ನಡುವೆ ಹಿಡಿದಾಗ ದಪ್ಪ 2 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸ್ನಾಯುವಿನ ಹೊದಿಕೆ ಬೇಕು ಎನ್ನುತ್ತೇವೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಜಾನ್ ಟೆಬೆಟ್ಸ್ 2001ರಲ್ಲಿ ವಿವರಿಸಿದ ಡ್ಯುಯಲ್ ಪ್ಲೇನ್ ವಿಧಾನದಲ್ಲಿ ಸ್ನಾಯುವಿನ ಕೆಳಗಿನ ಎಳೆಗಳನ್ನು ಪಕ್ಕೆಲುಬಿನಿಂದ ಬಿಡಿಸುವುದರಿಂದ, ಇಂಪ್ಲಾಂಟಿನ ಮೇಲರ್ಧಕ್ಕೆ ಸ್ನಾಯುವೂ ಕೆಳಗಿನರ್ಧಕ್ಕೆ ಸ್ತನಗ್ರಂಥಿಯೂ ಹೊದಿಕೆಯಾಗುತ್ತವೆ.

ಈ ಲೆಕ್ಕವನ್ನೇ ನೆಚ್ಚಿ ಕೆಲವು ವರ್ಷಗಳ ಹಿಂದೆ ಜಿಮ್ಮಿನಲ್ಲಿ ತರಬೇತಿ ಕೊಡುವ ಒಬ್ಬ ಮಹಿಳೆಗೆ ಸ್ನಾಯುವಿನ ಅಡಿಯಲ್ಲೇ ಇಟ್ಟಿದ್ದೆ. ಸುಮ್ಮನೆ ನಿಂತಾಗ ಕುಂದೇನೂ ಇರಲಿಲ್ಲ. ಅಂಗೈಗಳನ್ನು ಸೊಂಟಕ್ಕೆ ಒತ್ತಿದೊಡನೆ ಎದೆಯ ಸ್ನಾಯು ಬಿಗಿದು, ಎರಡೂ ಇಂಪ್ಲಾಂಟುಗಳು ಮೇಲಕ್ಕೂ ಹೊರಕ್ಕೂ ಸರಿದು, ಸ್ತನದ ಕೆಳಗೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಎದುರಿಗಿದ್ದವರ ಕಣ್ಣಿಗೆ ಬೀಳುತ್ತದೆಂದು ಅವರು ದಂಡ ಹೊಡೆದು ತೋರಿಸುವುದನ್ನೇ ಬಿಟ್ಟಿದ್ದರು. ಸ್ನಾಯು ಬಲಿತಷ್ಟೂ ಈ ಸರಿದಾಟ ಎದ್ದು ಕಾಣುತ್ತದೆಂದು ನಾನು ಓದಿದ್ದೆನಾದರೂ, ತೀರ್ಮಾನಿಸುವಾಗ ಅದಕ್ಕೆ ತಕ್ಕ ತೂಕ ಕೊಟ್ಟಿರಲಿಲ್ಲ.

ಆದ್ದರಿಂದ ಈ ಆಟಗಾರ್ತಿಯನ್ನು ಸ್ನಾಯು ಸಡಿಲಬಿಟ್ಟಾಗಲೂ ಬಿಗಿಹಿಡಿದಾಗಲೂ ಪರೀಕ್ಷಿಸಿದೆ. ಮೇಲ್ಭಾಗದ ದಪ್ಪ 2 ಸೆಂ.ಮೀ.ಗಿಂತ ತುಸುವೇ ಹೆಚ್ಚಿತ್ತು. ಬ್ರೆಜಿಲ್ಲಿನ ರೂತ್ ಗ್ರಾಫ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ವಿಧಾನದಂತೆ, ಸ್ನಾಯುವಿನ ಮೇಲೆ, ಅದನ್ನು ಹೊದ್ದಿರುವ ಫೇಶಿಯಾ ಪೊರೆಯ ಅಡಿಯಲ್ಲಿ ಇಡುವುದೆಂದು ನಿರ್ಧರಿಸಿದೆ. ಪೊರೆ ತೀರಾ ತೆಳು. ಅದರಿಂದ ಸ್ನಾಯುವಿನಷ್ಟು ಮರೆ ಸಿಗದು. ಇಂಪ್ಲಾಂಟಿನ ಸುಕ್ಕು ಕೈಗೆ ತಾಗಬಹುದು, ಅದರ ಸುತ್ತ ದೇಹವೇ ಕಟ್ಟುವ ಚೀಲದಂಥ ಹೊದಿಕೆ ಬಿಗಿಯಬಹುದು, ಮ್ಯಾಮೊಗ್ರಾಂ ತೆಗೆಯುವುದೂ ತುಸು ಕಷ್ಟ. ಇವನ್ನೆಲ್ಲ ಮುಂದಿಟ್ಟಾಗ ಅವರು, “ಹಗ್ಗ ಕಂಕುಳಡಿಯಲ್ಲಿ ಹಾದುಹೋಗುತ್ತದೆ ಡಾಕ್ಟ್ರೇ, ಅಲ್ಲಿ ಏನೂ ತಾಗಬಾರದು, ನನಗೆ ಅಷ್ಟು ಸಾಕು” ಎಂದರು.

ನನ್ನ ಯೋಜನೆ ಬದಲಾದದ್ದು ಈ ಮಾತಿನಿಂದ. ಗಾಯದ ಗುರುತು ಮರೆಯಲ್ಲಿರಲೆಂದು ಕಂಕುಳಿನಲ್ಲೇ ಸೀಳು ಹಾಕಬೇಕೆಂದಿದ್ದವನು ಸ್ತನದ ಕೆಳಮಡಿಕೆಯನ್ನು ಆರಿಸಿಕೊಂಡೆ. ಇಂಪ್ಲಾಂಟಿನ ಅಗಲ ಸ್ತನದ ಬುಡದ ಅಗಲವನ್ನು ಮೀರದಿರಲೆಂದು 220 ಸಿ.ಸಿ.ಗೆ ನಿಲ್ಲಿಸಿದೆ, ದೊಡ್ಡದಾದರೆ ತೆಳುಮೈಯಲ್ಲಿ ಸುಕ್ಕಿನ ಕಾಟವೂ ಹೆಚ್ಚು.

ಮರುದಿನವೇ ನಡೆದಾಡಿದರು. ತೋಳು ಮತ್ತು ಎದೆಯ ವ್ಯಾಯಾಮಕ್ಕೆ 6 ವಾರ ಕಳೆಯಬೇಕು, ಹಗ್ಗಕ್ಕೆ 3 ತಿಂಗಳು ಎಂದಿದ್ದೆ. 3 ತಿಂಗಳ ಬಳಿಕ ಬಂದಾಗ ಅಂಗೈಗಳನ್ನು ಸೊಂಟಕ್ಕೆ ಒತ್ತಿಸಿದೆ. ಸ್ನಾಯು ಉಬ್ಬಿತು, ಇಂಪ್ಲಾಂಟುಗಳು ಅಲುಗಿದ್ದು ಅತ್ಯಲ್ಪ. ಮುಂದಕ್ಕೆ ಬಾಗಿದಾಗ ಎಡಬದಿಯ ಹೊರ ಅಂಚಿನಲ್ಲಿ ಒಂದು ಸುಕ್ಕು ನನ್ನ ಬೆರಳಿಗೆ ತಾಗಿತು. ಅವರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನಾನು ಚೀಟಿಯಲ್ಲಿ ಬರೆದಿಟ್ಟುಕೊಂಡೆ.